ಲ್ಯಾಪ್‌ಟಾಪಿನಲ್ಲಿ ಏಳು ಕ್ಲೋರೋಫಿಲ್

ದ್ಯುತಿಸಂಶ್ಲೇಷಣೆಯಲ್ಲಿ ಬೆಳಕಿನ ಶಕ್ತಿ ಎಲ್ಲ ದಾರಿಗಳನ್ನೂ ಒಟ್ಟಿಗೇ ನೋಡಿ, ಹತ್ತಿರದ್ದನ್ನು ಹಿಡಿಯುತ್ತದೆ, ಎಲೆಯೊಳಗೊಂದು ಕ್ವಾಂಟಮ್ ಕಂಪ್ಯೂಟರ್ ಇದ್ದ ಹಾಗೆ. ಎಷ್ಟೋ ವರ್ಷ ನಾನೇ ಕ್ಲಾಸಿನಲ್ಲಿ ಹೀಗೆ ಹೇಳಿದ್ದೆ, ನೋಟ್ಸ್ ಕೂಡ ಬರೆಸಿದ್ದೆ. ಹೋದ ವರ್ಷ ಒಬ್ಬಳು ಎದ್ದು ನಿಂತು, "ಸಾರ್, ಲೆಕ್ಕ ಹಾಕಿ ತೋರಿಸೋಕಾಗುತ್ತಾ?" ಅಂದಳು. ಸಿಕ್ಕಿಹಾಕಿಕೊಂಡೆ.

ಲೆಕ್ಕಕ್ಕೆ ಆರಿಸಿಕೊಂಡದ್ದು ಎಫ್‌ಎಂಒ ಅನ್ನುವ ಪ್ರೋಟೀನ್. ಗಿಡದ್ದಲ್ಲ, ಹಸಿರು ಗಂಧಕ ಬ್ಯಾಕ್ಟೀರಿಯಾದ್ದು. ಬೆಳಕು ಹಿಡಿಯುವ ಭಾಗ ಆಂಟೆನಾ, ಆ ಶಕ್ತಿಯಿಂದ ರಸಾಯನ ಕೆಲಸ ಶುರುವಾಗುವ ಜಾಗ ರಿಯಾಕ್ಷನ್ ಸೆಂಟರ್; ಅಲ್ಲಿಂದ ಇಲ್ಲಿಗೆ ಶಕ್ತಿ ದಾಟಿಸುವ ಸೇತುವೆ ಇದು. 2007ರಲ್ಲಿ ಬರ್ಕ್ಲಿಯ ಗ್ರಹಾಂ ಫ್ಲೆಮಿಂಗ್ ತಂಡ 77 ಕೆಲ್ವಿನ್‌ನ (ಸುಮಾರು −196 ಡಿಗ್ರಿ ಸೆಲ್ಸಿಯಸ್) ಚಳಿಯಲ್ಲಿ ಇದನ್ನೇ ಅಳೆದು, 660 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ ಕೋಟಿ ಕೋಟಿಯ ಹತ್ತನೇ ಒಂದು ಪಾಲು) ತನಕ ಅಲೆಯಂಥ ಏರಿಳಿತ ಕಂಡಿತ್ತು. ಕ್ವಾಂಟಮ್ ಕಂಪ್ಯೂಟರ್ ಗಲಾಟೆಯೆಲ್ಲ ಶುರುವಾದದ್ದು ಅಲ್ಲಿಂದ.

ಈ ಪ್ರೋಟೀನಿಗೆ ಮೂರು ತುಂಡು. ಒಂದೊಂದರಲ್ಲೂ ಏಳು ಬ್ಯಾಕ್ಟೀರಿಯೊಕ್ಲೋರೋಫಿಲ್ ಅಣು, ಬ್ಯಾಕ್ಟೀರಿಯಾದ ಕ್ಲೋರೋಫಿಲ್ (ಎಂಟನೆಯದೂ ಇದೆ, ನಾನು ಬಿಟ್ಟೆ). ಅಂದರೆ ಒಂದು ತುಂಡಿಗೆ ಬರೀ 7×7 ಮ್ಯಾಟ್ರಿಕ್ಸ್, ಯಾವ ಅಣುವಿಗೆ ಎಷ್ಟು ಶಕ್ತಿ, ಯಾವುದಕ್ಕೆ ಯಾವುದರ ನಂಟು ಎಷ್ಟು ಅನ್ನುವ ಅಂಕಿಗಳ ಚೌಕ. 2006ರಲ್ಲಿ ಆಡಾಲ್ಫ್ಸ್ ಮತ್ತು ರೆಂಗರ್ ಕೊಟ್ಟ ಅಂಕಿಗಳನ್ನು ಪೈಥಾನ್‌ನಲ್ಲಿ ಟೈಪ್ ಮಾಡಿದೆ. 1ನೇ ಅಣು 12410 ವೇವ್‌ನಂಬರ್ (ಇಲ್ಲಿ ಶಕ್ತಿಯ ಅಳತೆ), 2ನೇದು 12530, ಅವೆರಡರ ನಡುವಿನ ಕಪ್ಲಿಂಗ್, ಅಂದರೆ ನಂಟಿನ ಬಲ, −87.7. ಎಲ್ಲಕ್ಕಿಂತ ತಗ್ಗಿನಲ್ಲಿರುವುದು 3ನೇದು, 12210. ಶಕ್ತಿ ಅಲ್ಲಿಗೆ ಇಳಿಯಬೇಕು.

ಮೊದಲ ಗ್ರಾಫಿನಲ್ಲಿ ಶಕ್ತಿ 1ರಿಂದ 2ಕ್ಕೆ ಹೋಗಿ ಬರಲು ಹತ್ತಿರ ಹತ್ತಿರ 1000 ಫೆಮ್ಟೊಸೆಕೆಂಡ್ ತೆಗೆದುಕೊಂಡಿತು. ಎರಡೇ ಅಣು ಇಟ್ಟುಕೊಂಡು ಪೇಪರ್ ಮೇಲೆ ಮಾಡಿದರೆ 157 ಬರುತ್ತದೆ. ಮೂರು ರಾತ್ರಿ ಕೋಡ್ ಜಾಲಾಡಿದೆ. ಕೊನೆಗೆ ಸುಮ್ನೆ ಒಂದನ್ನು ಇನ್ನೊಂದರಿಂದ ಭಾಗಿಸಿದೆ: 6.28! ವೇವ್‌ನಂಬರನ್ನು ಬೆಳಕಿನ ವೇಗದಿಂದ ಗುಣಿಸಿ, ಎರಡು ಪೈ ಮರೆತಿದ್ದೆ. ಇದೇ ತಪ್ಪಿಗೆ ಪ್ರತಿ ವರ್ಷ ಮಕ್ಕಳ ಮಾರ್ಕ್ಸ್ ಕಳೆಯುವವನು ನಾನು.

ಸರಿಪಡಿಸಿದ ಮೇಲೆ ಬಂದದ್ದು ಬರೀ ಜೋಕಾಲಿ. ಶಕ್ತಿ 1 ಮತ್ತು 2ರ ನಡುವೆಯೇ ತೂಗಾಡುತ್ತಿತ್ತು, 3ರ ಕಡೆ ಸರಿಯಾಗಿ ತಲೆಯೇ ಹಾಕಲಿಲ್ಲ. ಶುದ್ಧ ಕ್ವಾಂಟಮ್ ಅಂದರೆ ಇದೇ ಅಲ್ವಾ? ಪ್ರೋಟೀನಿನ ಅಲುಗಾಟವನ್ನು ಗದ್ದಲದಂತೆ ಸೇರಿಸಿದೆ. ಆಗ ಶಕ್ತಿ ಹರಡಿತು, ಆದರೆ ಕೊನೆಗೆ ಏಳೂ ಅಣುಗಳಲ್ಲಿ ಸಮನಾಗಿ 14.3 ಶೇಕಡಾ ನಿಂತುಬಿಟ್ಟಿತು. ಮತ್ತೆ ತಪ್ಪೇ? ಈ ಸಲ ಅಲ್ಲ. ಈ ಸರಳ ಗದ್ದಲಕ್ಕೆ ಏರು, ಇಳಿಜಾರು ಗೊತ್ತಿಲ್ಲ, ತಾಪಮಾನ ಮಿತಿಯೇ ಇಲ್ಲದಷ್ಟು ಜಾಸ್ತಿ ಅಂದುಕೊಂಡ ಹಾಗೆ.

ಹಾಗಾಗಿ 3ರಲ್ಲಿ ಒಂದು ತೂಬು ಇಟ್ಟೆ, ಬಂದ ಶಕ್ತಿ ಅಲ್ಲಿಂದ ಹೊರಗೆ ಹರಿಯಲಿ ಅಂತ. ಆಮೇಲೆ ಗದ್ದಲವನ್ನು ನಿಧಾನವಾಗಿ ಏರಿಸುತ್ತಾ ಹೋದೆ. ಕಡಿಮೆಯಿದ್ದಾಗ ಅದೇ ಜೋಕಾಲಿ. ಹದಕ್ಕೆ ಬಂದಾಗ ಶಕ್ತಿ ಬೇಗ ತೂಬು ಮುಟ್ಟಿತು. ವಿಪರೀತವಾದಾಗ ಇದ್ದಲ್ಲೇ ಹೆಪ್ಪುಗಟ್ಟಿತು. 2008ರಲ್ಲಿ ಸೆತ್ ಲಾಯ್ಡ್ ಇದ್ದ ತಂಡವೂ, ಪ್ಲೆನಿಯೊ ಮತ್ತು ಹುಯೆಲ್ಗಾ ಬೇರೆಯಾಗಿಯೂ ಇದನ್ನೇ ಹೇಳಿದ್ದರು. ಓದಿದ್ದೆ, ನಂಬಿಕೆ ಬಂದದ್ದು ಮಾತ್ರ ಆ ರಾತ್ರಿ.

2017ರಲ್ಲಿ ಡ್ವೇನ್ ಮಿಲ್ಲರ್ ತಂಡ ಕೋಣೆಯ ತಾಪಮಾನದಲ್ಲಿ ಅಳೆದಾಗ ಎಲೆಕ್ಟ್ರಾನಿಕ್ ಕೊಹೆರೆನ್ಸ್ (ಶಕ್ತಿ ಅಣುಗಳ ನಡುವೆ ಅಲೆಯಂತೆ ತಾಳ ತಪ್ಪದೆ ತೂಗಾಡುವುದು) ಸುಮಾರು 60 ಫೆಮ್ಟೊಸೆಕೆಂಡಿನಲ್ಲೇ ಅಳಿಸಿಹೋಗಿತ್ತು. ನನ್ನ ಜೋಕಾಲಿ ಆಚೆ ತುದಿಯನ್ನೂ ಮುಟ್ಟಿರುವುದಿಲ್ಲ ಅಷ್ಟರಲ್ಲಿ. 2007ರಲ್ಲಿ ಕಂಡ ಉದ್ದದ ಏರಿಳಿತಗಳು ಮುಖ್ಯವಾಗಿ ಅಣುಗಳ ಕಂಪನದವು ಅಂತ ಈಗಿನ ಲೆಕ್ಕ. ಕ್ವಾಂಟಮ್ ಪೂರ್ತಿ ಹೋಗಲಿಲ್ಲ. ಒಂದೇ ಉದ್ರೇಕವನ್ನು, ಅಂದರೆ ಹಿಡಿದ ಬೆಳಕಿನ ಶಕ್ತಿಯನ್ನು, ಎರಡು ಮೂರು ಅಣುಗಳು ಹಂಚಿಕೊಳ್ಳುವುದು ಕ್ವಾಂಟಮ್ಮೇ. ಕಂಪ್ಯೂಟರ್ ಕತೆ ಮಾತ್ರ ಬಿದ್ದುಹೋಯಿತು.

ಹುಡುಗಿಗೆ ಗ್ರಾಫ್ ತೋರಿಸಿ, "ನೋಟ್ಸಿನ ಆ ಸಾಲು ಹೊಡೆದುಹಾಕಮ್ಮ" ಅಂದೆ. ಹೊಡೆದುಹಾಕಿದಳು. "ಎಂಟನೇದನ್ನ ಯಾಕೆ ಬಿಟ್ರಿ ಸಾರ್?" ಅಂದಳು.

ಈಗ 8×8 ಟೈಪ್ ಮಾಡುತ್ತಿದ್ದೇನೆ.