ಸುರಕ್ಷತಾ ಸಾಧನ ಕಂಡುಹಿಡಿದವರನ್ನು ಮಾರುಕಟ್ಟೆ ಮುಟ್ಟಿಸುವುದು ಹೇಗೆ?

ಪರಿಚಯದವರೊಬ್ಬರು ಮನೆಯ ಮೂಲೆಯಲ್ಲೇ ಕೂತು ಒಂದು ಸುರಕ್ಷತಾ ಸಾಧನ ಮಾಡಿದ್ದಾರೆ, ಮಾರಾಟದ ದಾರಿ ತೋರಿಸಿ ಎಂದು ನಿಮ್ಮ ಬಳಿ ಬಂದಿದ್ದಾರೆ ಎಂದುಕೊಳ್ಳಿ. ಬಂದವರು ಮೊದಲು ವಿಚಾರಿಸುವುದು ಬಂಡವಾಳ ಹಾಕುವವರು ಯಾರಾದರೂ ಗೊತ್ತೇ ಎಂದು. ಆ ಮಾತನ್ನು ಸದ್ಯಕ್ಕೆ ಬದಿಗಿಡಿ. ಬೇರೆ ಸಾಮಾನು ಕೆಟ್ಟರೆ ಹೋಗುವುದು ದುಡ್ಡು, ಇಲ್ಲಿ ಹೋಗುವುದು ನಂಬಿದವರ ಕೈಕಾಲು. ಆದ್ದರಿಂದ ಹಣ ಹಾಕುವವರೂ ಕೊಳ್ಳುವವರೂ ಸುತ್ತಿ ಬಳಸಿ ಬಂದು ನಿಲ್ಲುವ ಪ್ರಶ್ನೆ ಒಂದೇ: ಇದು ಕೈಕೊಟ್ಟ ದಿನ ಏನಾಗುತ್ತದೆ? ಅದಕ್ಕೆ ಉತ್ತರ ಕಾಗದದ ಮೇಲೆ ಸಿದ್ಧವಾಗುವಂತೆ ನೋಡಿಕೊಳ್ಳುವುದೇ ನಿಮ್ಮ ಮುಖ್ಯ ಕೆಲಸ.

ಮೊದಲು ಬಾಯಿಗೆ ಬೀಗ

ಸಂಭ್ರಮದಲ್ಲಿ ವಿಡಿಯೊ ಹಾಕಿ ಪೇಟೆಂಟ್ ಕಳೆದುಕೊಂಡವರು ಕಡಿಮೆಯಿಲ್ಲ. ಅರ್ಜಿ ಹಾಕುವ ಮೊದಲೇ ಸಾಧನ ಬಹಿರಂಗವಾದರೆ ಯುರೋಪಿನಲ್ಲಿ ಅದು ಹೊಸತಲ್ಲ ಎಂದಾಗುತ್ತದೆ. ಸಂಶೋಧಕನೇ ಬಹಿರಂಗಪಡಿಸಿದ್ದರೆ ಅಮೆರಿಕ ಒಂದು ವರ್ಷದ ರಿಯಾಯಿತಿ ಕೊಡುತ್ತದೆ, ಆದರೆ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಹಳೆಯ ಪೇಟೆಂಟ್‌ಗಳನ್ನು ಎಸ್ಪಾಸೆನೆಟ್, ಗೂಗಲ್ ಪೇಟೆಂಟ್ಸ್ ಎಂಬ ಎರಡು ಜಾಲತಾಣಗಳಲ್ಲೂ ಉಚಿತವಾಗಿ ಹುಡುಕಬಹುದು. ಸಂಶೋಧಕರ ಪಕ್ಕದಲ್ಲೇ ಕೂತು ಹುಡುಕಿ. ಅದೇ ಕಲ್ಪನೆ ಹಿಂದೆಯೇ ಯಾರಿಗೋ ಹೊಳೆದಿದ್ದರೆ ನೀವು ಹೇಳುವುದಕ್ಕಿಂತ ಅವರೇ ಕಣ್ಣಾರೆ ನೋಡುವುದು ಒಳ್ಳೆಯದು.

ಒಂದು ದೇಶದಲ್ಲಿ ಅರ್ಜಿ ಸಲ್ಲಿಸಿದರೆ ಪೇಟೆಂಟ್‌ನಂಥ ಹಕ್ಕುಗಳ ಕುರಿತ ಪ್ಯಾರಿಸ್ ಒಪ್ಪಂದದ ಪ್ರಕಾರ 12 ತಿಂಗಳೊಳಗೆ ಬೇರೆ ಸದಸ್ಯ ದೇಶಗಳಲ್ಲೂ ಅದೇ ಮೊದಲ ದಿನಾಂಕದ ಹಕ್ಕಿನಲ್ಲಿ ಕೇಳಬಹುದು. ಆ ಅವಧಿಯಲ್ಲಿ ಪಿಸಿಟಿ ಎಂಬ ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ, ಯಾವ ಯಾವ ದೇಶ ಎಂದು ತೀರ್ಮಾನಿಸಲು ಹೆಚ್ಚಿನ ಕಡೆ ಮೊದಲ ದಿನಾಂಕದಿಂದ 30 ತಿಂಗಳು ಸಿಗುತ್ತದೆ. ದೊಡ್ಡ ಖರ್ಚು ಬರುವುದು ಆಗಲೇ. ಸಂಶೋಧಕರು ಎಲ್ಲಾದರೂ ನೌಕರಿಯಲ್ಲಿದ್ದರೆ ಕರಾರುಪತ್ರವನ್ನೂ ಓದಿ. ಸಾಧನದ ಹಕ್ಕು ಕಂಪನಿಯದ್ದು ಎಂದು ಅದರಲ್ಲಿ ಬರೆದಿರಲೂಬಹುದು.

ಕೈಕೊಡುವ ಬಗೆಗಳ ಪಟ್ಟಿ

ಈಗ ಒಂದು ಪುಸ್ತಕ ತೆರೆದು ಸಾಧನ ಯಾವ್ಯಾವ ರೀತಿ ವಿಫಲವಾಗಬಹುದು ಎಂದು ಬರೆಸಿ. ಗ್ಯಾಸ್ ಸೋರಿದರೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಎಂದಿಟ್ಟುಕೊಳ್ಳೋಣ. ಬ್ಯಾಟರಿ ಮುಗಿದಾಗ ಅದು ತೆರೆದೇ ಉಳಿಯುತ್ತದೋ ಮುಚ್ಚಿಕೊಳ್ಳುತ್ತದೋ? ಸೆನ್ಸರ್ ಮೇಲೆ ಎಣ್ಣೆಜಿಡ್ಡು ಕೂತರೆ? ಯಾರೋ ತಲೆಕೆಳಗಾಗಿ ಜೋಡಿಸಿದರೆ? ಕೆಟ್ಟಿದೆ ಎಂಬುದು ಬಳಸುವವರಿಗೆ ತಿಳಿಯುವುದು ಹೇಗೆ? ಈ ಕೊನೆಯದಕ್ಕೆ ಬಹಳ ಸಂಶೋಧಕರ ಬಳಿ ಉತ್ತರವಿರುವುದಿಲ್ಲ. ಸತ್ತುಹೋದ ಸಾಧನ ಹಸಿರು ದೀಪ ತೋರಿಸುತ್ತಾ ಕೂತಿದ್ದರೆ ಅದಿಲ್ಲದಿರುವುದೇ ವಾಸಿ.

ವೃಥಾ ಕೂಗುವುದೂ ಒಂದು ವೈಫಲ್ಯವೇ. ಅಡುಗೆಯ ಹೊಗೆಗೆಲ್ಲ ಅರಚುವ ಅಲಾರಂನ ಬ್ಯಾಟರಿಯನ್ನು ಜನ ಕಿತ್ತಿಡುತ್ತಾರೆ, ನಿಜವಾದ ಬೆಂಕಿಯ ದಿನ ಅದು ಮೂಕವಾಗಿರುತ್ತದೆ. ಅಮೆರಿಕದ ಹೊಗೆ ಅಲಾರಂ ಮಾನದಂಡ ಯುಎಲ್ 217ರ ಎಂಟನೇ ಆವೃತ್ತಿಯಲ್ಲಿ ಇದಕ್ಕೆಂದೇ ಪರೀಕ್ಷೆ ಸೇರಿಸಿದ್ದಾರೆ: ಒಲೆಯಲ್ಲಿ ಹ್ಯಾಂಬರ್ಗರ್ ಸುಡುವಾಗ ಏಳುವ ಹೊಗೆಗೆ ಅಲಾರಂ ಅವಸರಪಟ್ಟು ಕೂಗಬಾರದು. ನಿಮ್ಮ ಸಂಶೋಧಕರ ಸಾಧನಕ್ಕೂ ಇಂಥದ್ದೊಂದು ಹ್ಯಾಂಬರ್ಗರ್ ಇದ್ದೇ ಇರುತ್ತದೆ, ಹುಡುಕಿ.

ಅಚ್ಚಿಗಿಂತ ಮೊದಲು ಮಾನದಂಡ

ಸಾಧನದ ಭಾಗಗಳನ್ನು ತೆಗೆಯುವ ಅಚ್ಚು ಮಾಡಿಸಿದ ಮೇಲೆ ಮಾನದಂಡ ಓದುವವರೇ ಹೆಚ್ಚು. ಎರಡು ಮಿಲಿಮೀಟರ್ ದಪ್ಪ ಸಾಲದೆಂದು ತಿಳಿಯುವಾಗ ಅಚ್ಚಿನ ದುಡ್ಡು ಕೈಬಿಟ್ಟಿರುತ್ತದೆ. ಸಾಧನಕ್ಕೆ ಅನ್ವಯಿಸುವ ಮಾನದಂಡದ ಪ್ರತಿಯನ್ನು ದುಡ್ಡು ಕೊಟ್ಟಾದರೂ ತರಿಸಿ, ಪರೀಕ್ಷೆಯ ಅಧ್ಯಾಯವನ್ನು ಮೊದಲು ಓದಿ. ಅಪಾಯ ಅಳೆಯುವ ಕ್ರಮಕ್ಕೆ ಯಂತ್ರಗಳ ಮಟ್ಟಿಗೆ ಐಎಸ್ಒ 12100 ಎಂಬ ಅಂತರರಾಷ್ಟ್ರೀಯ ಮಾನದಂಡ ಒಳ್ಳೆಯ ಮಾರ್ಗದರ್ಶಿ. ಪರೀಕ್ಷೆಯನ್ನು, ಪ್ರಯೋಗಾಲಯಗಳಿಗೆಂದೇ ಇರುವ ಐಎಸ್ಒ/ಐಇಸಿ 17025 ಮಾನದಂಡದ ಮಾನ್ಯತೆಯಿರುವ ಪ್ರಯೋಗಾಲಯದಲ್ಲೇ ಮಾಡಿಸಿ. ಆ ನಿರ್ದಿಷ್ಟ ಪರೀಕ್ಷೆಗೆ ಮಾನ್ಯತೆ ಇದೆಯೇ ಎಂದೂ ಕೇಳಿ.

ಕೆಲವು ಸಾಧನಗಳಿಗೆ ತಯಾರಕರ ಘೋಷಣೆ ಸಾಕು, ಕೆಲವಕ್ಕೆ ಸಾಲದು. ಎತ್ತರದಿಂದ ಬೀಳದಂತೆ ಹಿಡಿಯುವ ಬೆಲ್ಟಿನಂಥವು ಯುರೋಪಿನಲ್ಲಿ ಅತಿ ಗಂಭೀರ ಅಪಾಯಗಳ ಮೂರನೇ ವರ್ಗಕ್ಕೆ ಸೇರುತ್ತವೆ. ಅಧಿಕೃತ ಸಂಸ್ಥೆಯೊಂದು ಮಾದರಿಯನ್ನು ಪರೀಕ್ಷಿಸಬೇಕು, ಆಮೇಲೆ ತಯಾರಿಕೆಯ ಮೇಲೂ ಕಣ್ಣಿಡಬೇಕು.

ಯಾರ ಜೇಬಿನಿಂದ?

ಗಾಯವಾಗುವವರು ಒಬ್ಬರು, ದುಡ್ಡು ಕೊಡಬೇಕಾದವರು ಇನ್ನೊಬ್ಬರು. ಸುರಕ್ಷತಾ ಸಾಧನದ ವ್ಯಾಪಾರ ಎಡವುವುದು ಇಲ್ಲೇ. ಅಮೆರಿಕದ ಸಂಶೋಧಕ ಸ್ಟೀಫನ್ ಗ್ಯಾಸ್ 1999ರಲ್ಲಿ ಯೋಚಿಸಿದ ವಿದ್ಯುತ್ ಗರಗಸದ ಕಥೆ ನೋಡಿ. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಬೆರಳು ತಾಗಿದರೆ ಸಂಕೇತ ಬದಲಾಗಿ, ಅಲ್ಯುಮಿನಿಯಂ ದಿಮ್ಮಿಯೊಂದು ಹಲ್ಲುಗಳಿಗೆ ನುಗ್ಗಿ ಬ್ಲೇಡನ್ನು ಕೆಲವೇ ಮಿಲಿಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಬೆರಳಿನ ಬದಲು ಮಾಂಸದ ಸಾಸೇಜ್ ಒತ್ತಿ ತೋರಿಸಿದರೆ ಅದಕ್ಕೆ ಬರೀ ಗೀರು. ಇಷ್ಟಾದರೂ ದೊಡ್ಡ ತಯಾರಕರ ಜೊತೆ ಲೈಸೆನ್ಸ್, ಅಂದರೆ ತಯಾರಿಸುವ ಹಕ್ಕನ್ನು ಅವರಿಗೆ ಕೊಡುವ, ಮಾತುಕತೆ ದಡ ಸೇರಲಿಲ್ಲ. ಬೆಲೆ ಏರುವುದು ಅವರ ಯಂತ್ರದ್ದು, ಉಳಿಯುವುದು ಬೇರೆಯವರ ಬೆರಳು. ಕೊನೆಗೆ ಗ್ಯಾಸ್ ಮತ್ತು ಜೊತೆಗಾರರು ಸಾಸ್ಟಾಪ್ ಹೆಸರಿನಲ್ಲಿ ತಾವೇ ಗರಗಸ ತಯಾರಿಸಿ 2004ರಲ್ಲಿ ಮಾರಾಟಕ್ಕಿಳಿದರು.

ಹಾಗಾಗಿ ಅಪಘಾತವಾದರೆ ಯಾರ ಲೆಕ್ಕಪುಸ್ತಕಕ್ಕೆ ನಷ್ಟ ಎಂದು ಗುರುತಿಸಿ: ಕಾರ್ಖಾನೆ ಮಾಲೀಕರೋ, ವಿಮಾ ಕಂಪನಿಯೋ, ಕೆಲಸ ಕಲಿಸುವ ಶಾಲೆಯೋ. ಮೊದಲ ಬಾಗಿಲು ಅವರದ್ದು. ಕೆಲವೊಮ್ಮೆ ಕಾನೂನೇ ಮಾರುಕಟ್ಟೆ ತೆರೆಯುತ್ತದೆ. ಮೂರು ಬಿಂದುಗಳ ಸೀಟ್ ಬೆಲ್ಟ್ 1959ರಲ್ಲೇ ವೋಲ್ವೋ ಕಾರಿಗೆ ಬಂದಿತ್ತು. ಬೆಲ್ಟ್ ಕಟ್ಟಿಕೊಳ್ಳುವುದನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಕಡ್ಡಾಯ ಮಾಡಿದ್ದು 1970ರಲ್ಲಿ. ಅಷ್ಟು ವರ್ಷ ಕಾಯುವ ಶಕ್ತಿ ಒಬ್ಬಂಟಿ ಸಂಶೋಧಕರಿಗೆ ಎಲ್ಲಿಂದ ಬರಬೇಕು?

ಲೈಸೆನ್ಸೋ ಸ್ವಂತ ತಯಾರಿಕೆಯೋ

ಲೈಸೆನ್ಸ್ ಕೊಡುವುದಾದರೆ ರಾಯಲ್ಟಿಯ, ಅಂದರೆ ಮಾರಾಟದಲ್ಲಿ ಸಿಗುವ ಪಾಲಿನ, ಶೇಕಡಾವಾರಿಗಿಂತ ಎರಡು ಷರತ್ತುಗಳಿಗೆ ಪಟ್ಟು ಹಿಡಿಯಿರಿ: ವರ್ಷಕ್ಕೆ ಇಷ್ಟು ಎಂಬ ಕನಿಷ್ಠ ಮೊತ್ತ, ಗೊತ್ತುಪಡಿಸಿದ ಅವಧಿಯಲ್ಲಿ ಮಾರಾಟಕ್ಕೆ ಇಳಿಸದಿದ್ದರೆ ಹಕ್ಕು ವಾಪಸ್. ಇವಿಲ್ಲದಿದ್ದರೆ ಸಾಧನವನ್ನು ಕಪಾಟಿನಲ್ಲಿಟ್ಟು ಮರೆಯುವ ಕಂಪನಿಗಳುಂಟು.

ಸ್ವಂತವಾಗಿ ತಯಾರಿಸುವುದಾದರೆ, ಸಾಧನದಿಂದ ಯಾರಿಗಾದರೂ ಹಾನಿಯಾದರೆ ಪರಿಹಾರ ತುಂಬುವ ಹೊಣೆಗಾರಿಕೆ ವಿಮೆ ಮಾಡಿಸದೆ ಒಂದನ್ನೂ ಹೊರಗೆ ಕೊಡಬೇಡಿ. ಪ್ರತಿ ತುಂಡಿನ ಮೇಲೂ ಬ್ಯಾಚ್ ಸಂಖ್ಯೆ ಇರಲಿ, ಯಾವ ಬ್ಯಾಚ್ ಯಾರಿಗೆ ಹೋಯಿತು ಎಂಬ ಲೆಕ್ಕವಿರಲಿ. ವಾಪಸ್ ಕರೆಸಿಕೊಳ್ಳಬೇಕಾಗಿ ಬಂದಾಗ ಆ ಪಟ್ಟಿಯೊಂದೇ ಆಸರೆ. ನಿಮ್ಮ ಪಾಲು ಎಷ್ಟು, ಯಾವ ಕೆಲಸಕ್ಕೆ ಎಂಬುದನ್ನೂ ಮೊದಲ ಆರ್ಡರ್ ಬರುವ ಮುನ್ನವೇ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ.