ಎರಡನೆಯ ವೈಫೈ ಸಾಧನಕ್ಕೆ ಯಾವ ಕೆಲಸ ವಹಿಸಬೇಕು?

ರಾಯಚೂರಿನ ಹಳೆಯ ಕಲ್ಲಿನ ಮನೆಗಳಲ್ಲಿ ಪಡಸಾಲೆಯ ರೂಟರ್‌ನಿಂದ ಹೊರಟ ಸಿಗ್ನಲ್ ಒಳಕೋಣೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಆಗ ಇನ್ನೊಂದು ಸಾಧನ ತಂದು ಜೋಡಿಸುವುದು ಸರಿಯೇ. ಆದರೆ ಅದರ ಕೆಲಸ ಯಾವುದೆಂದು ಸೆಟ್ಟಿಂಗ್ಸ್‌ನಲ್ಲಿ ನಾವೇ ಗೊತ್ತುಪಡಿಸದಿದ್ದರೆ, ಒಂದೇ ಮನೆಗೆ ಇಬ್ಬರು ಯಜಮಾನರಾದಂತೆ ಗೊಂದಲ ಶುರುವಾಗುತ್ತದೆ.

ಕೇಬಲ್ ಎಳೆಯಲು ಸಾಧ್ಯವಿದ್ದರೆ ಆಪರೇಷನ್ ಮೋಡ್‌ನಲ್ಲಿ ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ಸಂಪರ್ಕವನ್ನು ವೈಫೈ ಆಗಿ ಹರಡುವ ಕೆಲಸ) ಎಂಬುದನ್ನೇ ಆರಿಸಿ; ನನ್ನ ಅನುಭವದಲ್ಲಿ ಇದಕ್ಕಿಂತ ನಂಬಿಕೆಯದು ಬೇರಿಲ್ಲ. ಎತರ್ನೆಟ್ ಕೇಬಲ್ 100 ಮೀಟರ್‌ವರೆಗೆ ನಡೆಯುವುದರಿಂದ ಅಡತ್ ಅಂಗಡಿಯಿಂದ ಹಿಂದಿನ ಹತ್ತಿ ಗೋದಾಮಿಗೂ ಸಾಮಾನ್ಯವಾಗಿ ಸಾಕಾಗುತ್ತದೆ. ಕೇಬಲ್ ಆಗದಿದ್ದರೆ, ಮುಖ್ಯ ರೂಟರ್‌ನ ವೈಫೈ ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್ ಮೋಡ್ ಇದೆ. ಆದರೆ ಒಂದೇ ರೇಡಿಯೊದಲ್ಲಿ ಪಡೆದದ್ದನ್ನು ಅದೇ ರೇಡಿಯೊದಲ್ಲಿ ಮತ್ತೆ ಬಿತ್ತರಿಸಬೇಕಾದ ಸಾಧನದಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ; ಅದನ್ನು ಸಿಗ್ನಲ್ ಸಿಗದ ಮೂಲೆಯಲ್ಲಲ್ಲ, ಇನ್ನೂ ಚೆನ್ನಾಗಿ ಸಿಗುವ ನಡುವಿನ ಜಾಗದಲ್ಲಿಡಬೇಕು. ವೈಫೈ ಇಲ್ಲದ ಒಂದು ಕಂಪ್ಯೂಟರಿಗೆ ಮಾತ್ರ ಸಂಪರ್ಕ ಬೇಕಿದ್ದರೆ ಕ್ಲೈಂಟ್ ಮೋಡ್, ರಸ್ತೆಯಾಚೆಯ ಕಟ್ಟಡವನ್ನು ಜೋಡಿಸಬೇಕಿದ್ದರೆ ಬ್ರಿಜ್ ಮೋಡ್.

ಹಳೆಯ ರೂಟರ್‌ನಲ್ಲಿ ಈ ಆಯ್ಕೆಗಳಿಲ್ಲದಿದ್ದರೂ ಅದನ್ನು ಆಕ್ಸೆಸ್ ಪಾಯಿಂಟ್ ಆಗಿ ಬಳಸಬಹುದು. ಮೊದಲು ಅದೊಂದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿ. ಮುಖ್ಯ ರೂಟರ್‌ನ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಐಪಿ ಸಂಖ್ಯೆ) 192.168.1.1 ಆಗಿದ್ದರೆ ಇದಕ್ಕೆ 192.168.1.250ರಂತಹ, ಮುಖ್ಯ ರೂಟರ್ ಬೇರೆ ಯಾರಿಗೂ ಹಂಚದ ವಿಳಾಸ ಕೊಟ್ಟು, ಆಮೇಲೆ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಇದರಲ್ಲಿ ಆಫ್ ಮಾಡಿ. ವಿಳಾಸ ಹಂಚುವ ಅಧಿಕಾರ ಮುಖ್ಯ ರೂಟರ್‌ ಒಂದಕ್ಕೇ ಇರಬೇಕು. ಕೊನೆಗೆ ಕೇಬಲ್‌ನ ಎರಡೂ ತುದಿಗಳನ್ನು ಮನೆಯೊಳಗಿನ ಸಾಧನಗಳನ್ನು ಜೋಡಿಸುವ ಲ್ಯಾನ್ ಪೋರ್ಟ್‌ಗಳಿಗೇ ಸಿಕ್ಕಿಸಿ, ಹಳೆಯ ರೂಟರ್‌ನಲ್ಲಿ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿರುವ, ಹೊರಗಿನ ಇಂಟರ್ನೆಟ್ ಸಂಪರ್ಕಕ್ಕಿರುವ ವ್ಯಾನ್ ಪೋರ್ಟ್ ಖಾಲಿ ಬಿಡಿ.

ನಮ್ಮ ಬೀಗರ ಅಂಗಡಿಯಲ್ಲಿ ನಾನೇ ಅವಸರದಲ್ಲಿ ಕೇಬಲನ್ನು ಗೋದಾಮಿನ ಎರಡನೆಯ ರೂಟರ್‌ನ ವ್ಯಾನ್ ಪೋರ್ಟಿಗೆ ಸಿಕ್ಕಿಸಿ ಬಂದಿದ್ದೆ. ಮೊಬೈಲ್‌ಗಳಲ್ಲಿ ಇಂಟರ್ನೆಟ್ ಸಲೀಸಾಗಿ ಬರುತ್ತಿತ್ತು, ಆದರೆ ಗಲ್ಲಾದ ಕಂಪ್ಯೂಟರಿಗೆ ಗೋದಾಮಿನ ಪ್ರಿಂಟರ್ ಕಾಣಿಸುತ್ತಲೇ ಇರಲಿಲ್ಲ. ಪ್ರಿಂಟರ್ ಕೆಟ್ಟಿದೆಯೆಂದು ಒಂದು ಮಧ್ಯಾಹ್ನವೆಲ್ಲ ಅದನ್ನೇ ಬಿಚ್ಚಿ ಕೂತಿದ್ದೆವು. ಅದರ ವಿಳಾಸ 192.168.0 ಎಂದು, ಕಂಪ್ಯೂಟರಿನದು 192.168.1 ಎಂದು ಆರಂಭವಾಗುವುದನ್ನು ನೋಡಿದಾಗಲೇ ಎರಡೂ ಬೇರೆ ಬೇರೆ ಜಾಲದಲ್ಲಿವೆಯೆಂದು ತಿಳಿದದ್ದು.

ಎರಡೂ ಸಾಧನಗಳಿಗೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ (ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂದು ಕಾಣುವುದು) ಇರಲಿ. ಕೇಬಲ್‌ನಿಂದ ಜೋಡಿಸಿದ್ದರೆ 2.4 ಗಿಗಾಹರ್ಟ್ಸ್‌ ವೈಫೈ ಪಟ್ಟಿಯಲ್ಲಿ ಚಾನೆಲ್ (ಸಿಗ್ನಲ್ ಹರಿಯುವ ತರಂಗದ ಹಾದಿ) ಮಾತ್ರ ಬೇರೆಯಾಗಿರಬೇಕು. ಒಂದರ ಮೇಲೊಂದು ಬೀಳದ 1, 6, 11ರಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 6 ಕೊಡಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಾದ್ದರಿಂದ ಸಾಧನವನ್ನು ತಗಡಿನ ಚಾವಣಿಗೆ ತಾಗುವಂತೆ ತೂಗುಹಾಕಬೇಡಿ. ಎಲ್ಲ ಮುಗಿದ ಮೇಲೆ ಮೊಬೈಲ್ ಹಿಡಿದು ಗೋದಾಮಿನ ಕೊನೆಯವರೆಗೆ ನಡೆದು, ವೈಫೈ ವಿವರದಲ್ಲಿ ಗೇಟ್‌ವೇ (ಇಂಟರ್ನೆಟ್‌ಗೆ ದಾರಿ ಕೊಡುವ ಸಾಧನ) ಎಂಬಲ್ಲಿ ಮುಖ್ಯ ರೂಟರ್‌ನ ವಿಳಾಸವೇ ಇದೆಯೇ ಎಂದು ನೋಡಿಕೊಳ್ಳಿ.