ಗೋಪುರವಿಲ್ಲದ ವಿಮಾನ ನಿಲ್ದಾಣದಲ್ಲಿ ರೇಡಿಯೋ ಬಳಸುವುದು ಹೇಗೆ?

ಅಮೆರಿಕದ ಬಹುಪಾಲು ಸಣ್ಣ ವಿಮಾನ ನಿಲ್ದಾಣಗಳಲ್ಲಿ ನಿಯಂತ್ರಣ ಗೋಪುರ ಇರುವುದಿಲ್ಲ. ಇಳಿಯಲು ಅನುಮತಿ ಕೊಡುವವರೂ ಇಲ್ಲ. ತಾವೆಲ್ಲಿದ್ದೇವೆ, ಮುಂದೇನು ಮಾಡಲಿದ್ದೇವೆ ಎಂಬುದನ್ನು ಪೈಲಟ್‌ಗಳೇ ಪರಸ್ಪರ ತಿಳಿಸಿಕೊಳ್ಳಬೇಕು. ಹಾರಾಟ ಕಲಿಯಲು ಅಲ್ಲಿಗೆ ಹೋಗುವವರು ಈ ಕ್ರಮವನ್ನು ಮೊದಲೇ ರೂಢಿಸಿಕೊಳ್ಳುವುದು ಒಳ್ಳೆಯದು.

ಹೊರಡುವ ಮುನ್ನವೇ ನಕ್ಷೆಯಲ್ಲಿ ನಿಲ್ದಾಣದ ಫ್ರೀಕ್ವೆನ್ಸಿ ನೋಡಿಟ್ಟುಕೊಳ್ಳಿ. ಸುಮಾರು ಹತ್ತು ಮೈಲಿ ದೂರವಿರುವಾಗ ಸ್ವಯಂಚಾಲಿತ ಹವಾಮಾನ ವರದಿಯನ್ನು ಕೇಳಿರಬೇಕು. ಗಾಳಿಯ ದಿಕ್ಕು ಗೊತ್ತಾದರೆ ಯಾವ ರನ್‌ವೇ ಎಂಬುದು ಗೊತ್ತಾಗುತ್ತದೆ. ಆಮೇಲೆ ನಿಲ್ದಾಣದ ಫ್ರೀಕ್ವೆನ್ಸಿಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೇಳಿ. ಬೇರೆಯವರ ಮಾತು ಮುಗಿದ ಬಳಿಕವೇ ಮಾತಾಡುವ ಗುಂಡಿ ಒತ್ತಿ.

ಹೇಳುವ ಕ್ರಮ ಇದು: ನಿಲ್ದಾಣದ ಹೆಸರು, ನಿಮ್ಮ ವಿಮಾನದ ಮಾದರಿ ಮತ್ತು ಸಂಖ್ಯೆ, ಇರುವ ಜಾಗ, ಎತ್ತರ, ಉದ್ದೇಶ, ಕೊನೆಗೆ ಮತ್ತೆ ನಿಲ್ದಾಣದ ಹೆಸರು. ಹೆಸರನ್ನು ಎರಡು ಸಲ ಹೇಳಲು ಕಾರಣವಿದೆ. 122.8 ಮೆಗಾಹರ್ಟ್ಸ್‌ನಂಥ ಒಂದೇ ಫ್ರೀಕ್ವೆನ್ಸಿಯನ್ನು ಅನೇಕ ನಿಲ್ದಾಣಗಳು ಹಂಚಿಕೊಂಡಿರುತ್ತವೆ.

ಮಾದರಿಯನ್ನು ಬಿಡಲೇಬೇಡಿ. 1996ರ ನವೆಂಬರ್ 19ರಂದು ಇಲಿನಾಯ್‌ನ ಕ್ವಿನ್ಸಿಯಲ್ಲಿ ಇಳಿಯುತ್ತಿದ್ದ ಬೀಚ್‌ಕ್ರಾಫ್ಟ್ 1900 ಪ್ರಯಾಣಿಕ ವಿಮಾನದ ಸಿಬ್ಬಂದಿ, ಅಡ್ಡ ರನ್‌ವೇಯಲ್ಲಿದ್ದ ವಿಮಾನ ಕಾಯುವುದೋ ಹೊರಡುವುದೋ ಎಂದು ಕೇಳಿದರು. ಅಲ್ಲಿದ್ದ ಕಿಂಗ್ ಏರ್ ಮಾದರಿಯ ವಿಮಾನ ಉತ್ತರಿಸಲಿಲ್ಲ. ಅದರ ಹಿಂದೆ ನಿಂತಿದ್ದ ಪುಟ್ಟ ಚೆರೋಕಿ ವಿಮಾನ, ತಾನು ಕಾಯುತ್ತಿರುವುದಾಗಿ ಹೇಳಿತು. ಸಂಖ್ಯೆ ಹೇಳಿತೇ ಹೊರತು ಮಾದರಿ ಹೇಳಲಿಲ್ಲ. ಆ ಮಾತಿನ ಒಂದು ಭಾಗ ಬೀಚ್‌ಕ್ರಾಫ್ಟ್‌ನ ಕಾಕ್‌ಪಿಟ್‌ನಲ್ಲಿ ಅದೇ ಕ್ಷಣ ಮೊಳಗಿದ ಎಚ್ಚರಿಕೆಯ ದನಿಯಲ್ಲಿ ಮುಚ್ಚಿಹೋಯಿತು. ಕಾಯುತ್ತಿರುವುದು ಕಿಂಗ್ ಏರ್ ಎಂದೇ ನಂಬಿ ಅವರು ಇಳಿದರು, ಆದರೆ ಕಿಂಗ್ ಏರ್ ಹೊರಟಿತ್ತು. ರನ್‌ವೇಗಳು ಕೂಡುವಲ್ಲಿ ಡಿಕ್ಕಿಯಾಗಿ 14 ಮಂದಿ ಸತ್ತರು. ಕಿಂಗ್ ಏರ್‌ನವರು ರೇಡಿಯೋಗೆ ಕಿವಿಗೊಡದಿದ್ದುದು ಅಥವಾ ಸರಿಯಾಗಿ ಸುತ್ತ ನೋಡದಿದ್ದುದೇ ಕಾರಣವೆಂದು ತನಿಖೆ ಹೇಳಿತು. ಉತ್ತರಿಸಿದವರು ಯಾರೆಂಬ ಅನುಮಾನ ಚೂರು ಉಳಿದರೂ ಮತ್ತೆ ಕೇಳಿ, ಇಲ್ಲವೇ ಮೇಲೇರಿ ಇನ್ನೊಂದು ಸುತ್ತು ಬನ್ನಿ.

ಡೌನ್‌ವಿಂಡ್ (ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಸಾಗುವ ಹಾದಿ), ಬೇಸ್ (ರನ್‌ವೇಯತ್ತ ಅಡ್ಡ ತಿರುಗುವ ಹಾದಿ), ಫೈನಲ್‌ಗೆ (ರನ್‌ವೇಗೆ ನೇರವಾಗಿ ಇಳಿಯುವ ಹಾದಿ) ಬಂದಾಗಲೆಲ್ಲ ಚುಟುಕಾಗಿ ತಿಳಿಸಿ. ‘ಇಲ್ಲಿರುವವರೆಲ್ಲ ತಿಳಿಸಿ’ ಎಂದು ಕೂಗುವುದು ಬೇಡ. ಅಮೆರಿಕದ ವಾಯುಯಾನ ಆಡಳಿತವೂ (ಎಫ್‌ಎಎ) ಅದನ್ನು ಒಪ್ಪುವುದಿಲ್ಲ. ಇಂಥ ಅನೇಕ ನಿಲ್ದಾಣಗಳಲ್ಲಿ ರೇಡಿಯೋ ಕಡ್ಡಾಯವಲ್ಲ, ಕೆಲವು ಹಳೆಯ ವಿಮಾನಗಳಲ್ಲಿ ಅದು ಇರುವುದೇ ಇಲ್ಲ. ಯಾರ ದನಿಯೂ ಕೇಳದಿದ್ದರೂ ಕಣ್ಣು ಹೊರಗೇ ಇರಲಿ.

ಇಳಿದ ಮೇಲೆ ರನ್‌ವೇ ತೆರವಾಯಿತೆಂದು ಹೇಳಲು ಅವಸರ ಬೇಡ. ವಿಮಾನದ ಬಾಲವೂ ಹೋಲ್ಡ್ ಗೆರೆಯನ್ನು (ರನ್‌ವೇಗೆ ಮುನ್ನ ವಿಮಾನಗಳು ಕಾಯುವ ಗುರುತು) ದಾಟಿರಬೇಕು.